ರಹೀಮ್ ಸಾಹೇಬರು: ಆಟದ ಗುರು, ಉಸಿರಿನ ಪಾಠ

ಅವಳಿ ನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಿಗೆ ಸಿಕಂದರಾಬಾದ್ ಎಂದೊಡನೆ ನೆನಪಾಗುವುದು ರೈಲು ನಿಲ್ದಾಣ, ದಂಡುಪ್ರದೇಶ ಮತ್ತು ಗಡಿಯಾರದ ಗೋಪುರ. ಆದರೆ ಫುಟ್‌ಬಾಲ್ ಆಟದಲ್ಲಿ ಕಲ್ಕತ್ತೆಗೇ ಸವಾಲೆಸೆದ ನಗರಗಳು ಇವೇ ಎಂಬುದನ್ನು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ಆ ಕೀರ್ತಿಗೆ ಮುಖ್ಯ ಕಾರಣರಾದವರು ಸೈಯದ್ ಅಬ್ದುಲ್ ರಹೀಮ್. ಅವರ ಜೀವನವು ಕ್ರೀಡೆಯ ಇತಿಹಾಸಕ್ಕೆ ಎಷ್ಟು ಸಲ್ಲುವುದೋ, ಆರೋಗ್ಯಕ್ಕೆ ಮೀಸಲಾದ ಈ ಪುಟಗಳಿಗೂ ಅಷ್ಟೇ ಸಲ್ಲುತ್ತದೆ.

1909ರಲ್ಲಿ ಜನಿಸಿದ ರಹೀಮರು ಯೌವನದಲ್ಲಿ ಸ್ವತಃ ಆಟಗಾರರು; ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯ ಹೊಣೆ ಹೊತ್ತ ಮೇಲೆ ಅವರ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಅವರ ಪಾಠಕ್ರಮವೇ ವಿಶಿಷ್ಟವಾದುದು. ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಓಡಕೂಡದು, ಒಡನೆಯೇ ಜೊತೆಗಾರನಿಗೆ ದಾಟಿಸಬೇಕು ಎಂಬ ನಿಯಮದ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ದುರ್ಬಲವಾದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳೂ ಇದ್ದವು. ದೇಹದಲ್ಲಿ ಬಲಹೀನವಾದುದು ಯಾವುದೋ ಅದನ್ನು ಮರೆಮಾಚದೆ ಮೊದಲು ಗಮನಿಸಬೇಕು ಎಂಬುದೇ ಇದರ ತಿರುಳು.

ರಾಷ್ಟ್ರೀಯ ತಂಡದ ಗುರುವಾಗಿ ಅವರು ಸೋಲು ಗೆಲುವು ಎರಡನ್ನೂ ಕಂಡರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಮಣಿಸಿ ಚಿನ್ನ ಪಡೆದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಬಹುತೇಕ ಬರಿಗಾಲಿನಲ್ಲೇ ಆಡಿದ ನಮ್ಮ ತಂಡವು ಯುಗೊಸ್ಲಾವಿಯಾಕ್ಕೆ 10-1ರಿಂದ ಸೋತಿತು. ಅದರಿಂದ ಪಾಠ ಕಲಿತು 1956ರಲ್ಲಿ ಮೆಲ್ಬೋರ್ನ್‌ಗೆ ಹೋದಾಗ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಗಳಿಸಿತು. ಒಲಿಂಪಿಕ್ ಫುಟ್‌ಬಾಲಿನ ಉಪಾಂತ್ಯಕ್ಕೇರಿದ ಮೊದಲ ಏಷ್ಯಾ ರಾಷ್ಟ್ರ ನಮ್ಮದು. ಆ ತಂಡದಲ್ಲಿ ನಮ್ಮ ಮೈಸೂರು ಸೀಮೆಯ ಕೆಂಪಯ್ಯನವರೂ ಇದ್ದರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಅದೇ ತಂಡದ ಇನ್ನೊಬ್ಬ ತರುಣ ತುಳಸಿದಾಸ್ ಬಲರಾಮ್, ಸಿಕಂದರಾಬಾದಿನ ಅಮ್ಮುಗುಡದ ಬಡ ಮನೆಯ ಹುಡುಗ. ಅಭ್ಯಾಸಕ್ಕೆ ಹೈದರಾಬಾದಿಗೆ ಬರಲು ದುಡ್ಡಿಲ್ಲವೆಂದಾಗ, ಬಾಡಿಗೆ ಸೈಕಲ್ಲಿಗೆ ರಹೀಮ್ ಸಾಹೇಬರೇ ಹಣ ಕೊಟ್ಟರಂತೆ. ಆ ಹುಡುಗ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ನಾಯಕನಾದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯ ವಿರುದ್ಧವೂ ಪೆರುವಿನ ವಿರುದ್ಧವೂ ಗೋಲು ಹೊಡೆದ. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ ಈ ಕಥೆ ಅಪರಿಚಿತವಲ್ಲ.

1962ರ ಸೆಪ್ಟೆಂಬರ್ 4ರಂದು ಜಕಾರ್ತಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯ ಈ ಗುರುಶಿಷ್ಯರ ಸಾಧನೆಯ ಶಿಖರ. ರಾಜಕೀಯ ಕಾರಣಗಳಿಂದ ಅಲ್ಲಿಯ ಪ್ರೇಕ್ಷಕರು ಭಾರತದ ಮೇಲೆ ಮುನಿದಿದ್ದರು. ಸುಮಾರು ಒಂದು ಲಕ್ಷ ಜನರ ಕೂಗಾಟ ನಮ್ಮವರಿಗೆ ವಿರುದ್ಧವಾಗಿತ್ತು. ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ರಹೀಮರು ಮುಂಚೂಣಿಗೆ ನಿಲ್ಲಿಸಿದರು. ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಹೊಡೆದ ಗೋಲುಗಳಿಂದ ದಕ್ಷಿಣ ಕೊರಿಯಾ 2-1ರಿಂದ ಸೋತಿತು. ಬೆಂಗಳೂರಿನ ಅರುಮೈನಾಯಗಂ ಆ ತಂಡದ ಸದಸ್ಯರಾಗಿದ್ದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತವು ಆನಂತರ ಚಿನ್ನ ಕಂಡಿಲ್ಲ.

ಈ ವಿಜಯದ ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು, ರಹೀಮ್ ಸಾಹೇಬರು ಶ್ವಾಸಕೋಶದ ಕ್ಯಾನ್ಸರಿನಿಂದ ನಿಧನ ಹೊಂದಿದರು. ವಯಸ್ಸು ಐವತ್ತಮೂರು. ಅದೇ ವರ್ಷ ಶಿಷ್ಯ ಬಲರಾಮ್ ಕೂಡ ಶ್ವಾಸಕೋಶದ ಹೊದಿಕೆಯ ಉರಿಯೂತ, ಅಂದರೆ ಪ್ಲೂರಿಸಿ, ತಗುಲಿ ಇಪ್ಪತ್ತಾರರ ಹರೆಯದಲ್ಲೇ ಆಟಕ್ಕೆ ವಿದಾಯ ಹೇಳಬೇಕಾಯಿತು. ಗುರುವಿಗೂ ಶಿಷ್ಯನಿಗೂ ಎದೆಯೇ ಕೈಕೊಟ್ಟಿತು. ಶಿಷ್ಯನಿಗೆ ಮಾತ್ರ ಆಯುಷ್ಯವಿತ್ತು: ಬಲರಾಮ್ ಮುಂದೆ ಕಿರಿಯರಿಗೆ ತರಬೇತಿ ನೀಡುತ್ತ ಬಂಗಾಳದಲ್ಲೇ ನೆಲೆಸಿ, 2023ರ ಫೆಬ್ರವರಿ 16ರಂದು ತೀರಿಕೊಂಡರು.

ವಾಣಿಜ್ಯ ಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವ ನಾನು ವೈದ್ಯನಲ್ಲ. ಆದರೆ ವೈದ್ಯರು ಹೇಳುವ ಕೆಲವು ಮಾತುಗಳು ಎಲ್ಲರಿಗೂ ತಿಳಿದಿರತಕ್ಕವು. ಶ್ವಾಸಕೋಶದ ಕ್ಯಾನ್ಸರಿಗೆ ತಂಬಾಕಿನ ಹೊಗೆಯೇ ಅತಿ ದೊಡ್ಡ ಕಾರಣ. ಸೇದದವರಿಗೂ ಈ ರೋಗ ಬರುವುದುಂಟು. ಅದು ಆರಂಭದಲ್ಲಿ ನೋವು ಕೊಡುವುದಿಲ್ಲ; ಆದುದರಿಂದಲೇ ಬಹುಮಂದಿ ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಪ್ಲೂರಿಸಿಯಲ್ಲಾದರೋ ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುತ್ತದೆ. ನಮ್ಮ ದೇಶದಲ್ಲಿ ಇದರ ಹಿಂದೆ ಅನೇಕ ವೇಳೆ ಕ್ಷಯರೋಗವಿರುತ್ತದೆ. ಕ್ಷಯಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ. ಪೂರ್ಣಾವಧಿ ಔಷಧಿ ಸೇವಿಸಿದರೆ ಬಹುತೇಕ ಗುಣವಾಗುತ್ತದೆ. ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಮೆಟ್ಟಿಲು ಹತ್ತುವಾಗ ಹೊಸದಾಗಿ ಬಂದ ಏದುಸಿರು – ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಹೋಗಬೇಕು.

ಪರಸ್ಥಳದಲ್ಲಿ ದುಡಿಯುವ ನಮ್ಮಂಥವರದು ಒಂದೇ ನೆಪ: ಮಾರ್ಚ್ ತಿಂಗಳ ಲೆಕ್ಕ ಮುಗಿಯಲಿ, ಮಗಳ ಪರೀಕ್ಷೆಯಾಗಲಿ, ಊರಿಗೆ ಹೋದಾಗ ತೋರಿಸೋಣ. ಕೆಮ್ಮಿಗೆ ಕಷಾಯ, ಎದೆನೋವಿಗೆ ಮುಲಾಮು ಎಂದು ದಿನ ದೂಡುತ್ತೇವೆ. ಸಾಲದ ಕಂತು ತಪ್ಪಿದರೆ ಬ್ಯಾಂಕು ನೋಟೀಸು ಕಳುಹಿಸುತ್ತದೆ. ದೇಹವೂ ಕಳುಹಿಸುತ್ತದೆ, ನಾವು ಒಡೆದು ಓದುವುದಿಲ್ಲ, ಅಷ್ಟೆ.

ರಹೀಮ್ ಸಾಹೇಬರು ಶಿಷ್ಯರಿಗೆ ದುರ್ಬಲವಾದ ಕಾಲನ್ನೇ ಮೊದಲು ಪರೀಕ್ಷಿಸಿಕೊಳ್ಳಲು ಕಲಿಸಿದರು. ಆ ಪಾಠವನ್ನು ನಮ್ಮ ಎದೆಗೂ ಅನ್ವಯಿಸಿಕೊಳ್ಳೋಣ. ಸೇದುವವರು ಇಂದೇ ಬಿಡಲಿ. ಕೆಮ್ಮುವವರು ನಾಳೆಯೇ ವೈದ್ಯರನ್ನು ಕಾಣಲಿ. ಸಂಜೆ ನಮ್ಮ ಮಕ್ಕಳು ಬಯಲಿನಲ್ಲಿ ಚೆಂಡಿನ ಹಿಂದೆ ಓಡಲಿ, ಏದುಸಿರಿಲ್ಲದೆ ನಾವೂ ಅವರೊಡನೆ ನಾಲ್ಕು ಹೆಜ್ಜೆ ಹಾಕುವಂತಾಗಲಿ.