ಛಾಯಾಚಿತ್ರದಲ್ಲಿ ಬಿಳಿ ಮತ್ತು ನೆರಳು

ಕಳೆದ ವರ್ಷ ಹತ್ತನೆಯ ತರಗತಿಯ ಗುಂಪುಚಿತ್ರ ಅಚ್ಚಾಗಿ ಬಂದ ಮರುದಿನ ಒಬ್ಬ ತಾಯಿ ಶಾಲೆಗೆ ಬಂದರು. ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟು, "ಇದರಲ್ಲಿ ನನ್ನ ಮಗಳು ಎಲ್ಲಿದ್ದಾಳೆ ಮಾಷ್ಟ್ರೇ?" ಎಂದು ಕೇಳಿದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಮುಂದಿನ ಸಾಲಿನವರು ಅಂಗಳದ ಬಿಸಿಲಿನಲ್ಲಿದ್ದರು, ಹಿಂದಿನ ಎರಡು ಸಾಲಿನವರು ಜಗಲಿಯ ಮಾಡಿನ ನೆರಳಿನಲ್ಲಿ. ನೆರಳಿನ ಮುಖಗಳೆಲ್ಲ ಮಸಿ ಬಳಿದಂತಿದ್ದವು. ಅಚ್ಚು ಹಾಕಿದವರಲ್ಲಿ ಹೇಳಿದ್ದಕ್ಕೆ ಅವರು "ಬೆಳ್ಳಗೆ ಮಾಡಿ ಕೊಡುತ್ತೇವೆ" ಎಂದರು; ಮಾಡಿಯೂ ಕೊಟ್ಟರು. ಎರಡನೆಯ ಪ್ರತಿಯಲ್ಲಿ ಎಲ್ಲ ಮಕ್ಕಳೂ ಅಕ್ಕಿಹಿಟ್ಟು ಬಳಿದುಕೊಂಡವರಂತೆ ಕಂಡರು. ಆ ಹುಡುಗಿ ಅದರಲ್ಲೂ ಸಿಗಲಿಲ್ಲ.

ಚಿತ್ರ ತೆಗೆದವನು ನಮ್ಮದೇ ಹಳೆಯ ವಿದ್ಯಾರ್ಥಿ. ಅವನಲ್ಲಿ ಆ ಚಿತ್ರದ ರಾ ಫೈಲು ಇತ್ತು. ಒಂದು ಭಾನುವಾರ ಅವನ ಪಕ್ಕದಲ್ಲಿ ಕುಳಿತು ಅದನ್ನು ಸರಿಪಡಿಸುವ ಕ್ರಮವನ್ನು ನೋಡಿದೆ. ನಾನು ಭಾಷೆಯ ಮೇಷ್ಟ್ರು. ವಿಜ್ಞಾನದ ಅಧ್ಯಾಪಕರು ನಕ್ಕರೂ ಚಿಂತೆಯಿಲ್ಲ, ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತೇನೆ.

'ರಾ' ಎಂದರೆ ಹಸಿ. ಕ್ಯಾಮರಾದೊಳಗಿನ ಸೆನ್ಸರಿನಲ್ಲಿ ಲಕ್ಷಗಟ್ಟಲೆ ಸಣ್ಣ ಕಣಗಳಿರುತ್ತವೆ. ಒಂದೊಂದು ಕಣವೂ ತನ್ನ ಮೇಲೆ ಬಿದ್ದ ಬೆಳಕನ್ನು ಅಳೆದು ಒಂದು ಸಂಖ್ಯೆಯನ್ನು ಕೊಡುತ್ತದೆ. ಕಣಗಳಿಗೆ ಬಣ್ಣ ತಿಳಿಯದು. ಆದುದರಿಂದ ಅವುಗಳ ಮೇಲೆ ಕೆಂಪು, ಹಸುರು, ನೀಲಿ ಗಾಜಿನಂಥ ಸೋಸುಕಗಳನ್ನು ಕೂಡಿಸಿರುತ್ತಾರೆ. ಕೊಡಾಕ್ ಕಂಪೆನಿಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಪೇಟೆಂಟ್ ದೊರೆತ ಜೋಡಣೆಯಿದು: ನಾಲ್ಕು ಕಣಗಳಲ್ಲಿ ಎರಡು ಹಸುರು, ಒಂದು ಕೆಂಪು, ಒಂದು ನೀಲಿ. ಈ ಸಂಖ್ಯೆಗಳನ್ನು ಇದ್ದಂತೆಯೇ ಇಟ್ಟುಕೊಂಡರೆ ಅದು ರಾ. 14 ಬಿಟ್‌ನ ಕ್ಯಾಮರಾದಲ್ಲಿ ಕಪ್ಪಿನಿಂದ ಬಿಳಿಯವರೆಗೆ 16,384 ಮೆಟ್ಟಿಲುಗಳಿರುತ್ತವೆ. ಕ್ಯಾಮರಾವೇ ಅಡುಗೆ ಮಾಡಿ ಬಡಿಸುವ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ ಉಳಿಯುವುದು 256 ಮಾತ್ರ. ಅನ್ನವನ್ನು ಮರಳಿ ಅಕ್ಕಿ ಮಾಡಲಾಗದು ತಾನೆ? ಜೆಪೆಗ್‌ನ ಕಪ್ಪು ಮುಖವನ್ನು ಎಳೆದು ಬೆಳಗಿಸಿದರೆ ಕಲೆಕಲೆಯಾಗುವುದು ಇದೇ ಕಾರಣಕ್ಕೆ.

ಮೊದಲ ಕೆಲಸ ವೈಟ್ ಬ್ಯಾಲೆನ್ಸ್. ಬೆಳಕಿಗೇ ಒಂದು ಬಣ್ಣವಿದೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗಾಗಿ, ಆಮೇಲೆ ಹಳದಿಗೆ ತಿರುಗಿ, ಕೊನೆಗೆ ಬೆಳ್ಳಗೆ ಹೊಳೆಯುವುದನ್ನು ಕಂಡವರಿದ್ದೀರಿ. ಹಾಗೆಯೇ ಬೆಳಕಿನ ಬಣ್ಣವನ್ನು ಉಷ್ಣತೆಯ ಲೆಕ್ಕದಲ್ಲಿ, ಕೆಲ್ವಿನ್ ಮಾನದಲ್ಲಿ ಹೇಳುತ್ತಾರೆ. ಮೇಣದ ಬತ್ತಿಯದು ಸುಮಾರು 1,900, ಹಳೆಯ ತಂತಿಯ ಬಲ್ಬಿನದು 2,800, ನಡುಹಗಲಿನ ಬಿಸಿಲಿನದು 5,500. ನೀಲಿ ಆಕಾಶದಿಂದ ಮಾತ್ರ ಬೆಳಕು ಪಡೆಯುವ ನೆರಳಿನದು 7,000ವನ್ನೂ ದಾಟುತ್ತದೆ. ನಮ್ಮ ಕಣ್ಣು ಇದಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ದೀಪದಡಿಯಲ್ಲಿಯೂ ಬಿಳಿ ಮುಂಡು ನಮಗೆ ಬಿಳಿಯೇ. ಸೆನ್ಸರಿಗೆ ಆ ದಾಕ್ಷಿಣ್ಯವಿಲ್ಲ.

ನಮ್ಮ ಮನೆಗಳಲ್ಲಿ ತಾಯಂದಿರು ಹಳದಿಗಟ್ಟಿದ ಬಟ್ಟೆಗೆ ನೀಲಿ ಹಾಕುತ್ತಾರಲ್ಲ, ಅದೂ ಒಂದು ಬಗೆಯ ವೈಟ್ ಬ್ಯಾಲೆನ್ಸೇ. ಹೆಚ್ಚಾದ ಬಣ್ಣವನ್ನು ತಗ್ಗಿಸಿ ಮೂರನ್ನೂ ಸಮಕ್ಕೆ ತರುವುದು. ಚಿತ್ರದಲ್ಲಿ ಇದು ಬರಿಯ ಗುಣಾಕಾರ. ನೆರಳಿನಲ್ಲಿದ್ದ ಬಿಳಿ ಅಂಗಿಯೊಂದರಲ್ಲಿ ಕೆಂಪು 400, ಹಸುರು 800, ನೀಲಿ 640 ಎಂದು ಇಟ್ಟುಕೊಳ್ಳಿ. ಕೆಂಪನ್ನು 2ರಿಂದಲೂ ನೀಲಿಯನ್ನು 1.25ರಿಂದಲೂ ಗುಣಿಸಿದರೆ ಮೂರೂ 800 ಆಗಿ ಅಂಗಿ ಬಿಳಿಯಾಗುತ್ತದೆ. ಈಗ ಅದೇ ಗುಣಕಗಳನ್ನು ಅಲ್ಲೇ ನಿಂತ ಹುಡುಗಿಯ ಮುಖಕ್ಕೂ ಹಾಕಿ. 300, 360, 200 ಇದ್ದುದು 600, 360, 250 ಆಗುತ್ತದೆ. ಹಸುರಾಗಿ ಕಾಣುತ್ತಿದ್ದ ಮುಖ ಅದರ ನಿಜವಾದ ಕಂದು ಬಣ್ಣಕ್ಕೆ ಬಂತು. ಬಿಳಿಯಾಗಲಿಲ್ಲ, ಗಮನಿಸಿ! 'ವೈಟ್' ಎಂಬ ಮಾತು ಅಂಗಿಗೆ ಸಂಬಂಧಪಟ್ಟದ್ದು, ಚರ್ಮಕ್ಕಲ್ಲ. ಅಚ್ಚು ಹಾಕಿದವರು ಎಡವಿದ್ದು ಇಲ್ಲೇ. ಮೊಬೈಲಿನಲ್ಲಿ ಮುಖವನ್ನು ನುಣ್ಣಗೆ ಬೆಳ್ಳಗೆ ಮಾಡುವ ಗುಂಡಿಗೂ ಈ ವಿದ್ಯೆಗೂ ಸಂಬಂಧವಿಲ್ಲ. ಫಿಲ್ಮಿನ ಕಾಲದಲ್ಲೂ ಈ ದೋಷವಿತ್ತು. ಬಣ್ಣ ಸರಿಹೊಂದಿಸಲು ಕೊಡಾಕ್ ಕಂಪೆನಿ ಮುದ್ರಣಾಲಯಗಳಿಗೆ ಕಳುಹಿಸುತ್ತಿದ್ದ 'ಷರ್ಲಿ ಕಾರ್ಡ್' ಎಂಬ ಮಾದರಿಗಳಲ್ಲಿ ಬಹುಕಾಲ ಇದ್ದುದು ಬಿಳಿ ಚರ್ಮದ ಮಹಿಳೆಯರ ಚಿತ್ರ. ಆ ಮುಖ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂಬ ಲೆಕ್ಕ. ಕಪ್ಪು ಮೈಬಣ್ಣದವರ ಪಾಡು ಹೇಳುವಂತಿರಲಿಲ್ಲ.

ಬಿಳಿ ಅಂಗಿಯನ್ನೇ ನಂಬುವುದೂ ಪೂರ್ತಿ ಸರಿಯಲ್ಲವಂತೆ. ಈಗಿನ ಸಾಬೂನು ಪುಡಿಗಳಲ್ಲಿರುವ ಹೊಳಪಿನ ರಾಸಾಯನಿಕ ಬಿಸಿಲಿಗೆ ತುಸು ನೀಲಿಯಾಗಿ ಬೆಳಗುತ್ತದೆ. ಬೂದುಬಣ್ಣದ ಕಾರ್ಡೊಂದನ್ನು ಹಿಡಿದು ಮೊದಲು ಒಂದು ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು.

ಇನ್ನು ಟೋನ್ ಮ್ಯಾಪಿಂಗ್. ಬಿಸಿಲಿನ ಬಿಳಿ ಅಂಗಿಗೂ ನೆರಳಿನಲ್ಲಿರುವವರ ತಲೆಗೂದಲಿಗೂ ಬೆಳಕಿನಲ್ಲಿ ನೂರಾರು ಪಟ್ಟು ಅಂತರವಿರುತ್ತದೆ. ಹೊಳಪಿನ ಒಳ್ಳೆಯ ಕಾಗದ ತೋರಿಸಬಲ್ಲ ಅಂತರವೋ ನೂರು, ಇನ್ನೂರು ಪಟ್ಟು. ಪತ್ರಿಕೆಯ ಕಾಗದದಲ್ಲಿ ಇನ್ನೂ ಕಡಿಮೆ. ದೊಡ್ಡ ಅಂತರವನ್ನು ಸಣ್ಣದರೊಳಗೆ ಹೊಂದಿಸಬೇಕು. ಎಲ್ಲವನ್ನೂ ಒಂದೇ ಸಮನೆ ತಗ್ಗಿಸಿದರೆ ನೆರಳು ಕಪ್ಪಾಗುತ್ತದೆ, ಒಂದೇ ಸಮನೆ ಏರಿಸಿದರೆ ಬಿಸಿಲಿನ ಅಂಗಿ ಸುಣ್ಣದ ಗೋಡೆಯಾಗುತ್ತದೆ. ಉಪಾಯವೇನೆಂದರೆ, ಪ್ರಕಾಶ ಹೆಚ್ಚಿದಷ್ಟೂ ಹೆಚ್ಚು ತಗ್ಗಿಸುವುದು. 2002ರಲ್ಲಿ ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರ ನಿಮ್ಮ ಗಣಿತಕ್ಕೂ ನಿಲುಕುವಂಥದು: ಒಂದು ಸಂಖ್ಯೆಯನ್ನು, ಅದಕ್ಕೇ 1 ಕೂಡಿಸಿ ಬಂದುದರಿಂದ ಭಾಗಿಸಿ. ನೆರಳಿನ ಮುಖ 0.25 ಆದರೆ 0.25ನ್ನು 1.25ರಿಂದ ಭಾಗಿಸಿ 0.2. ಬಿಸಿಲಿನ ಅಂಗಿ 4 ಆದರೆ 4ನ್ನು 5ರಿಂದ ಭಾಗಿಸಿ 0.8. ಹದಿನಾರು ಪಟ್ಟಿದ್ದ ಅಂತರ ನಾಲ್ಕು ಪಟ್ಟಿಗೆ ಇಳಿಯಿತು. 99 ಇದ್ದರೂ 0.99, ಎಷ್ಟೇ ದೊಡ್ಡ ಸಂಖ್ಯೆಯಾದರೂ 1ನ್ನು ಮುಟ್ಟದು. ನನಗಂತೂ ಇದು ಬಹಳ ಹಿಡಿಸಿತು.

ಅವರು ಇದಕ್ಕೆ ಆಧಾರವಾಗಿಟ್ಟುಕೊಂಡದ್ದು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್, ಫ್ರೆಡ್ ಆರ್ಚರ್ ಎಂಬವರೊಡನೆ 1940ರ ಸುಮಾರಿಗೆ ರೂಪಿಸಿದ 'ಜೋನ್' ಪದ್ಧತಿ. ಆಡಮ್ಸ್ ಕತ್ತಲೆಕೋಣೆಯಲ್ಲಿ ಅಚ್ಚುಹಾಕುವಾಗ ಕೆಲವು ಭಾಗಗಳಿಗೆ ಬೆಳಕು ಕಡಿಮೆ ಬೀಳುವಂತೆ ಮರೆ ಹಿಡಿದು, ಕೆಲವಕ್ಕೆ ಹೆಚ್ಚು ಬಿಟ್ಟು ಇದೇ ಕೆಲಸವನ್ನು ಕೈಯಲ್ಲಿ ಮಾಡುತ್ತಿದ್ದರು. ಈಗ ಡಾರ್ಕ್‌ಟೇಬಲ್, ರಾಥೆರಪಿ ಎಂಬ ಬೆಲೆಯಿಲ್ಲದ ತಂತ್ರಾಂಶಗಳಲ್ಲಿಯೂ ಇದು ಸಾಧ್ಯ.

ಎರಡು ಎಚ್ಚರಿಕೆ. ಗುಣಾಕಾರವನ್ನು ಹಸಿ ಸಂಖ್ಯೆಗಳಿರುವಾಗಲೇ ಮಾಡಬೇಕು, ತಗ್ಗಿಸುವ ಕೆಲಸ ಆಮೇಲೆ. ಕ್ರಮ ತಪ್ಪಿದರೆ ನೆರಳಿಗೊಂದು ಬಣ್ಣ, ಬಿಸಿಲಿಗೊಂದು ಬಣ್ಣ ಉಳಿದುಬಿಡುತ್ತದೆ. ಇನ್ನೊಂದು, ಕೊಡಪಾನ ತುಂಬಿದ ಮೇಲೆ ಹೊರಚೆಲ್ಲಿದ ನೀರೆಷ್ಟೆಂದು ತಿಳಿಯದು. ಸೆನ್ಸರಿನ ಕಣ ಬೆಳಕಿನಿಂದ ತುಂಬಿಹೋದರೆ ಅಲ್ಲಿನ ವಿವರವನ್ನು ಯಾವ ಸೂತ್ರವೂ ತಂದುಕೊಡದು. ನಮ್ಮ ಹುಡುಗ ಚಿತ್ರವನ್ನು ತುಸು ಕಪ್ಪಾಗಿಯೇ ತೆಗೆದಿದ್ದ, ಅದೇ ಉಪಕಾರವಾಯಿತು.

ಎರಡು ಗಂಟೆಯಲ್ಲಿ ಹಿಂದಿನ ಸಾಲುಗಳು ಒಂದೊಂದಾಗಿ ಬೆಳಕಿಗೆ ಬಂದವು. ನೆರಳಿಗೂ ಬಿಸಿಲಿಗೂ ಬೆಳಕಿನ ಬಣ್ಣ ಬೇರೆಯಾದುದರಿಂದ ಅವನು ಎರಡು ಭಾಗಗಳಿಗೂ ಬೇರೆ ಬೇರೆ ಗುಣಕ ಕೊಟ್ಟ. ನೆರಳನ್ನು ಎತ್ತಿದಲ್ಲಿ ಮರಳು ಎರಚಿದಂತೆ ಸಣ್ಣ ಚುಕ್ಕೆಗಳು ಉಳಿದವು, ನಿಜ. ಆದರೆ ಮೇಲಿನ ಸಾಲಿನಲ್ಲಿ ಎಡದಿಂದ ಮೂರನೆಯವಳು ಹಲ್ಲು ಕಾಣುವಂತೆ ನಗುತ್ತಿದ್ದಳು. ಹೊಸ ಪ್ರತಿಯನ್ನು ತಾಯಿಯ ಕೈಗೆ ಕೊಟ್ಟಾಗ ನಾನು ಬೆರಳಿಟ್ಟು ತೋರಿಸಬೇಕಾಗಲಿಲ್ಲ.

ಈ ವರ್ಷ ಗುಂಪುಚಿತ್ರವನ್ನು ಬೆಳಗಿನ ಮೊದಲ ಗಂಟೆಗೇ, ಎಲ್ಲರನ್ನೂ ಒಂದೇ ನೆರಳಿನಲ್ಲಿ ನಿಲ್ಲಿಸಿ ತೆಗೆಯಬೇಕೆಂದಿದ್ದೇವೆ. ಬೂದು ಕಾರ್ಡು ಹಿಡಿಯಲು ಒಂಬತ್ತನೆಯ ತರಗತಿಯವರು ಈಗಲೇ ಜಗಳ ಶುರುಮಾಡಿದ್ದಾರೆ.