ಹೋತದ ಹೊಟ್ಟೆನೋವು ಹೊಟ್ಟೆಯದಲ್ಲ

ಮೂತ್ರದಲ್ಲಿ ಕಲ್ಲು ಎಂದರೆ ಮನುಷ್ಯರಿಗಷ್ಟೇ ಬರುವ ಕಾಯಿಲೆ ಎಂದು ತಿಳಿದವರು ಬಹಳ. ನಾಯಿ, ಬೆಕ್ಕು, ಎತ್ತು, ಆಡು ಯಾವುದನ್ನೂ ಅದು ಬಿಟ್ಟಿಲ್ಲ. ಭಾಲ್ಕಿ, ಔರಾದ ಕಡೆಯ ರೈತರಿಗೆ ಇದರಿಂದ ಹೆಚ್ಚು ನಷ್ಟವಾಗುವುದು ಬಕ್ರೀದ್‌ಗೆಂದು ಕಾಳು ತಿನ್ನಿಸಿ ಕೊಬ್ಬಿಸಿದ ಉಸ್ಮಾನಾಬಾದಿ ಹೋತದಲ್ಲಿ, ಇಲ್ಲವೇ ಹೊಲ ಉಳುವ ದೇವಣಿ ಎತ್ತಿನಲ್ಲಿ. ಎರಡೂ ಗಂಡು ಎಂಬುದನ್ನು ಗಮನಿಸಬೇಕು.

ಹೆಣ್ಣಿನಲ್ಲೂ ಕಲ್ಲು ಬೆಳೆಯುತ್ತದೆ. ಆದರೆ ಅದರ ಮೂತ್ರನಾಳ ಗಿಡ್ಡ ಮತ್ತು ಅಗಲ. ಸಣ್ಣ ಹರಳು ತಾನಾಗಿಯೇ ಹೊರಬೀಳುತ್ತದೆ. ಎತ್ತಿನ ನಾಳ ಉದ್ದ, ಕಿರಿದು, ನಡುವೆ ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಾಗಿದೆ. ಆ ಬಾಗಿನಲ್ಲಿ ತೊಗರಿ ಕಾಳಿನಷ್ಟು ಕಲ್ಲು ಸಿಕ್ಕಿಕೊಂಡರೂ ಸಾಕು. ಹೋತ, ಟಗರುಗಳಲ್ಲಿ ನಾಳದ ತುದಿಗೆ ಎರೆಹುಳದಂಥ ತೆಳುವಾದ ಕೊಳವೆಯಿದ್ದು, ಅಲ್ಲಿ ಮರಳಿನಂಥ ಹರಳುಗಳೇ ದಾರಿ ಕಟ್ಟುತ್ತವೆ. ತೀರ ಎಳೆಯ ವಯಸ್ಸಿನಲ್ಲಿ ಬೀಜ ಒಡೆಸಿದ್ದರೆ ಗಂಡು ಹಾರ್ಮೋನಿನ ಕೊರತೆಯಿಂದ ನಾಳ ಪೂರ್ತಿ ಅಗಲವಾಗುವುದಿಲ್ಲ.

ಬೋರ್‌ವೆಲ್ಲಿನ ಗಡುಸು ನೀರೇ ಕಲ್ಲಿಗೆ ಕಾರಣ ಎಂಬ ಮಾತು ಹಳ್ಳಿಗಳಲ್ಲಿದೆ. ಕೊಬ್ಬಿಸಿದ ಹೋತದ ಮಟ್ಟಿಗೆ ಈ ಆರೋಪ ಅಷ್ಟಾಗಿ ನಿಲ್ಲದು. ಸುಣ್ಣದ ಅಂಶ ಕರುಳಿನಲ್ಲಿ ರಂಜಕವನ್ನು ಹಿಡಿದು ಹಿಕ್ಕೆಯೊಡನೆ ಹೊರಹಾಕುತ್ತದೆ. ನಿಜವಾದ ಆರೋಪಿ ಆ ರಂಜಕ. ಗೋಧಿ, ಮೆಕ್ಕೆಜೋಳ, ತೌಡುಗಳಲ್ಲಿ ಅದು ಹೇರಳ, ಸುಣ್ಣ ಮಾತ್ರ ಅತ್ಯಲ್ಪ. ಕಣಿಕೆ, ಹೊಟ್ಟು ತಿಂದ ಪ್ರಾಣಿ ಗಂಟೆಗಟ್ಟಲೆ ಮೆಲುಕು ಹಾಕುತ್ತದೆ. ಆಗ ಧಾರಾಳವಾಗಿ ಸುರಿಯುವ ಜೊಲ್ಲಿನ ಮೂಲಕ ರಂಜಕ ಹೊಟ್ಟೆಗೆ ಮರಳಿ ಹಿಕ್ಕೆ ಸೇರುತ್ತದೆ. ಬರೀ ಕಾಳು ತಿಂದರೆ ಮೆಲುಕು ಕಡಿಮೆ, ಜೊಲ್ಲೂ ಕಡಿಮೆ. ಹೆಚ್ಚಾದ ರಂಜಕ ಮೂತ್ರಕ್ಕಿಳಿದು ಮೆಗ್ನೀಸಿಯಂ, ಅಮೋನಿಯಂ ಜೊತೆ ಕೂಡಿ ಸ್ಟ್ರೂವೈಟ್ ಎಂಬ ಹರಳಾಗುತ್ತದೆ. ಚಳಿಗಾಲದಲ್ಲಿ ಪ್ರಾಣಿ ನೀರು ಕುಡಿಯುವುದು ಕಡಿಮೆಯಾದರಂತೂ ಕೇಳುವುದೇ ಬೇಡ. ಮೇವು ಹೆಚ್ಚಿಸಿ, ಕಾಳು ಮಿತಗೊಳಿಸಿ, ಸ್ವಲ್ಪ ಉಪ್ಪು ಕೊಟ್ಟರೆ ಬಾಯಾರಿಕೆಯೂ ಹೆಚ್ಚುತ್ತದೆ.

ನಾಯಿಗಳಲ್ಲಿ ಇದೇ ಸ್ಟ್ರೂವೈಟ್ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಸೋಂಕಿನಿಂದ ಬರುತ್ತದೆ. ಬೆಕ್ಕಿನ ಕಥೆ ಸ್ವಾರಸ್ಯವಾದುದು. 1980ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಕಂಪನಿಗಳು ಸ್ಟ್ರೂವೈಟ್ ತಪ್ಪಿಸಲು ಬೆಕ್ಕಿನ ಆಹಾರದಲ್ಲಿ ಮೆಗ್ನೀಸಿಯಂ ಇಳಿಸಿ ಆಮ್ಲೀಯತೆ ಹೆಚ್ಚಿಸಿದವು. ಆ ಕಲ್ಲು ಕಡಿಮೆಯಾಯಿತು, ಆದರೆ ಆಹಾರದಿಂದ ಕರಗಿಸಲಾಗದ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಹೆಚ್ಚಿತು!

ಹೋತ ಬಾಲ ಆಡಿಸುತ್ತ ತಿಣುಕುತ್ತದೆ, ಹಲ್ಲು ಕಡಿಯುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ. ಮಾಲೀಕ ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸಿ ಕಾಯುತ್ತಾನೆ. ದಾರಿ ಪೂರ್ತಿ ಕಟ್ಟಿದಾಗ ಮೂತ್ರ ಹೆಚ್ಚಿಸುವ ಔಷಧಿ, ಕಷಾಯಗಳು ಇನ್ನೂ ಅಪಾಯ. ಎರಡು ಮೂರು ದಿನಗಳಲ್ಲಿ ಮೂತ್ರಕೋಶ ಒಡೆಯಬಹುದು. ಇಲ್ಲಿಯೇ ದೊಡ್ಡ ಮೋಸ. ಒಡೆದ ಕೂಡಲೇ ಒತ್ತಡ ಇಳಿದು ನೋವು ನಿಲ್ಲುತ್ತದೆ, ಪ್ರಾಣಿ ಶಾಂತವಾಗಿ ನಿಲ್ಲುತ್ತದೆ. ಎಣ್ಣೆ ಕೆಲಸ ಮಾಡಿತೆಂದು ಮನೆಯವರು ನೆಮ್ಮದಿಪಡುತ್ತಾರೆ. ಆಮೇಲೆ ಹೊಟ್ಟೆ ಎರಡೂ ಬದಿ ಉಬ್ಬಿ, ಮೂತ್ರದ ವಿಷ ರಕ್ತಕ್ಕೇರಿ ಪ್ರಾಣಿ ಸಾಯುತ್ತದೆ. ಆದ್ದರಿಂದ ನೋಡಬೇಕಾದುದು ಹಿಕ್ಕೆಯನ್ನಲ್ಲ, ನೆಲ ಒದ್ದೆಯಾಗಿದೆಯೇ ಎಂಬುದನ್ನು. ಮೂತ್ರದ್ವಾರದ ಕೂದಲಿಗೆ ಬಿಳಿ ಹರಳು ಅಂಟಿದ್ದರೆ ಅದೂ ಮುನ್ಸೂಚನೆ.

ಮೊದಲ ದಿನವೇ ಪಶುವೈದ್ಯರ ಕೈಗೆ ಸಿಕ್ಕರೆ ಹೋತದ ಆ ಎರೆಹುಳದಂಥ ತುದಿಯನ್ನು ಕತ್ತರಿಸಿಯೇ ದಾರಿ ಬಿಡಿಸಬಹುದು. ಅದರಿಂದ ಸಂತಾನಶಕ್ತಿ ಹೋಗದು. ಕಲ್ಲು ಮೇಲಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದು ಈ ಭಾಗದವರ ಅದೃಷ್ಟ. ಮೂತ್ರಕೋಶಕ್ಕೆ ರಬ್ಬರ್ ಕೊಳವೆ ಹಾಕಿ ಹೊಟ್ಟೆಯ ಮೂಲಕ ಹೊರತೆಗೆಯುವುದು ಈಗ ಬಳಕೆಯಲ್ಲಿರುವ ವಿಧಾನ. ಮೂತ್ರ ಕೊಳವೆಯಲ್ಲಿ ತೊಟ್ಟಿಕ್ಕುತ್ತಿರುವಾಗ, ಅಮೋನಿಯಂ ಕ್ಲೋರೈಡ್ ಮೂತ್ರವನ್ನು ಆಮ್ಲೀಯಗೊಳಿಸಿ ಹರಳನ್ನು ಕರಗಿಸುತ್ತದೆ. ಕೆಲವು ದಿನಗಳ ನಂತರ ವೈದ್ಯರು ಕೊಳವೆಯ ಬಾಯಿ ಕಟ್ಟಿ ನೋಡುತ್ತಾರೆ. ಮೂತ್ರ ಹಳೆಯ ದಾರಿಯಲ್ಲೇ ಸಲೀಸಾಗಿ ಬರತೊಡಗಿದ ಮೇಲೆ ಕೊಳವೆ ತೆಗೆಯುತ್ತಾರೆ.