ಗಾಯವಾದ ಆಟಗಾರನ ಖರ್ಚು ಯಾರ ಹೊಣೆ?

ಮೊಣಕಾಲಿನ ಲಿಗಮೆಂಟ್ ಹರಿದರೆ ನೋವು ಎಲ್ಲರಿಗೂ ಒಂದೇ. ಬೆಂಗಳೂರಿನ ಕ್ರಿಕೆಟಿಗನಿಗೂ ಅಷ್ಟೇ, ನವಲಗುಂದದ ಕಬಡ್ಡಿ ಹುಡುಗನಿಗೂ ಅಷ್ಟೇ. ದಾರಿ ಬೇರೆಯಾಗೋದು ಮರುದಿನದಿಂದ. ಒಬ್ಬನಿಗೆ ಆಪರೇಷನ್, ಫಿಸಿಯೊ, ವಿಶ್ರಾಂತಿ ಎಲ್ಲ ಒಂದರ ಹಿಂದೆ ಒಂದು ಸಿಗುತ್ತವೆ. ಇನ್ನೊಬ್ಬನ ಮನೆಯಲ್ಲಿ ಹೆಸರುಕಾಳು ಮಾರಿ ಬಂದ ದುಡ್ಡು ಆಸ್ಪತ್ರೆಗೆ ಹೋಗುತ್ತದೆ. ಈ ವ್ಯತ್ಯಾಸದ ಹಿಂದೆ ಬಹುಪಾಲು ಇರೋದು ಒಂದು ಕಾಗದ: ಕರಾರು ಪತ್ರ.

ನಮ್ಮದೇ ರಾಜ್ಯದ ವೇಗಿ ಪ್ರಸಿದ್ಧ ಕೃಷ್ಣ ಅವರನ್ನೇ ನೋಡಿ. ಬೆನ್ನಿನ ಗಾಯದಿಂದ 2023ರ ಐಪಿಎಲ್ ತಪ್ಪಿತು. 2024ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವಿರುದ್ಧ ರಣಜಿ ಆಡುವಾಗ ತೊಡೆಯ ಸ್ನಾಯುಗೆ ಪೆಟ್ಟಾಯಿತು. ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ, ಆ ವರ್ಷದ ಐಪಿಎಲ್ಲೂ ಹೋಯಿತು. ಆದರೆ ಅದೇ ಫೆಬ್ರವರಿ ಕೊನೆಯಲ್ಲಿ ಬಿಸಿಸಿಐ ಪ್ರಕಟಿಸಿದ ವಾರ್ಷಿಕ ಗುತ್ತಿಗೆ ಪಟ್ಟಿಯ 'ಸಿ' ಶ್ರೇಣಿಯಲ್ಲಿ ಅವರ ಹೆಸರಿತ್ತು. ಆ ಶ್ರೇಣಿಗೆ ವರ್ಷಕ್ಕೆ 1 ಕೋಟಿ ರೂಪಾಯಿ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಕೆಗೆ ಜಾಗವೂ ಇತ್ತು. 2025ರಲ್ಲಿ ಗುಜರಾತ್ ಟೈಟನ್ಸ್ ಪರ 25 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ಗೆದ್ದರು. ಶ್ರಮ ಅವರದೇ. ಆದರೆ ಅವಸರ ಮಾಡದೆ ಕಾಯುವ ಅವಕಾಶವನ್ನು ಕೊಟ್ಟದ್ದು ಆ ವ್ಯವಸ್ಥೆ.

ಅಲ್ಲಿಯೂ ಎಲ್ಲ ಗಾಯಕ್ಕೂ ಒಂದೇ ಲೆಕ್ಕ ಇಲ್ಲ. ಐಪಿಎಲ್‌ನಲ್ಲಿ ಸಾಮಾನ್ಯವಾಗಿ ಟೂರ್ನಿ ನಡುವೆ ಗಾಯವಾದರೆ ಫ್ರಾಂಚೈಸಿ ಹಣವನ್ನೂ ಕೊಡಬೇಕು, ಚಿಕಿತ್ಸೆಯನ್ನೂ ನೋಡಬೇಕು. ಟೂರ್ನಿಗೂ ಮೊದಲೇ ಹೊರಬಿದ್ದರೆ ಕೊಡಬೇಕಿಲ್ಲ. ವಾರ್ಷಿಕ ಗುತ್ತಿಗೆ ಇರುವ ಆಟಗಾರರು ದೇಶಕ್ಕಾಗಿ ಆಡುವಾಗ ಗಾಯಗೊಂಡು ಐಪಿಎಲ್ ತಪ್ಪಿಸಿಕೊಂಡರೆ ಬಿಸಿಸಿಐ ವಿಮೆ ನೆರವಿಗೆ ಬರುತ್ತದೆ. ಅಂದರೆ ಯಾರ ಪರವಾಗಿ, ಯಾವಾಗ ಆಡುತ್ತಿದ್ದಿರಿ ಅನ್ನುವುದೇ ಮುಖ್ಯ ಪ್ರಶ್ನೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನಲ್ಲಿ ಇದು ಇನ್ನೂ ಸ್ಪಷ್ಟ. ಆಡುವಾಗ ಗಾಯವಾದರೆ ಮೊದಲ 18 ತಿಂಗಳು ಮೂಲ ವೇತನ ಕೊಡಬೇಕೆಂದು ಅಲ್ಲಿನ ಮಾದರಿ ಕರಾರಿನಲ್ಲೇ ಬರೆದಿದೆ.

ಈಗ ನಮ್ಮ ಕಡೆಗೆ ಬರೋಣ. ಗದಗಿನ ಸುನೀಲ ಜೋಶಿ ಹುಡುಗನಾಗಿದ್ದಾಗ ಪ್ರಾಕ್ಟೀಸಿಗೆಂದು ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದರು. ಆ ರೈಲು ಹೋಗೋದು ಅಣ್ಣಿಗೇರಿ ಮೇಲೆಯೇ. ಮುಂದೆ ಅವರು ಭಾರತಕ್ಕೆ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು. ಕುಂದಗೋಳ, ಕಲಘಟಗಿ ಕಡೆಯ ಎಷ್ಟೋ ಮಕ್ಕಳ ಕನಸೂ ಇಂಥದ್ದೇ. ಆದರೆ ಹಳ್ಳಿಯಿಂದ ಹೊರಟ ಕಬಡ್ಡಿ, ಕುಸ್ತಿ, ಅಥ್ಲೆಟಿಕ್ಸ್ ಆಟಗಾರನ ನಿಜವಾದ ಭದ್ರತೆ ಲೀಗ್ ಕರಾರಿಗಿಂತ ಹೆಚ್ಚಾಗಿ ಕ್ರೀಡಾ ಕೋಟಾದ ನೌಕರಿ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಯಂಥ ಕಡೆ ಕೆಲಸ ಸಿಕ್ಕರೆ ಕಾಲು ಮುರಿದರೂ ರಜೆ ಇದೆ, ರೈಲ್ವೆ ಆಸ್ಪತ್ರೆ ಇದೆ, ತಿಂಗಳ ಪಗಾರ ಇದೆ. ಮನೆಯ ಹಿರಿಯರು "ಮೊದಲ ನೌಕ್ರಿ ನೋಡಪಾ, ಆಮ್ಯಾಲ ಆಟ" ಅನ್ನೋದು ಸುಮ್ಮನೆ ಅಲ್ಲ.

ಕೋಟಾ ನೌಕರಿ ಸಿಗುವ ಮುಂಚಿನ ವರ್ಷಗಳೇ ಅಪಾಯದವು. ಜಾತ್ರೆ, ಹಬ್ಬದ ಟೂರ್ನಿಗಳಲ್ಲಿ ಬಹುತೇಕ ಎಲ್ಲವೂ ಬಾಯಿ ಮಾತು. ಭಾರತೀಯ ಕರಾರು ಕಾಯ್ದೆ 1872ರ ಪ್ರಕಾರ ಬಾಯಿ ಮಾತಿನ ಒಪ್ಪಂದಕ್ಕೂ ಬೆಲೆ ಇದೆ. ಸಾಬೀತು ಮಾಡೋದೇ ಕಷ್ಟ. ಹಾಗಾಗಿ ಸಂಘಟಕರಿಂದ ವಾಟ್ಸಾಪ್‌ನಲ್ಲಾದರೂ ಒಂದು ಸಾಲು ಬರೆಸಿಕೊಳ್ಳಿ. ದಿನಾಂಕ, ಮೊತ್ತ, ಹೆಸರು ಇರುವ ಮೆಸೇಜು ನಾಳೆ ಸಾಕ್ಷಿಯಾಗಬಲ್ಲದು. 18 ವರ್ಷ ತುಂಬದವರು ಮಾಡಿಕೊಂಡ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅವರ ವಿಷಯದಲ್ಲಿ ಅಪ್ಪ-ಅವ್ವನೇ ಮುಂದೆ ನಿಂತು ಮಾತಾಡಬೇಕು.

ಯಾವ ತಂಡವೇ ಇರಲಿ, ಸಹಿ ಹಾಕುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿ:

1. ಗಾಯವಾದರೆ ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ? ಆಪರೇಷನ್ ನಂತರದ ಫಿಸಿಯೊ ಖರ್ಚೂ ಅದರಲ್ಲಿದೆಯೇ?

2. ಆಡಲಾಗದ ದಿನಗಳಿಗೂ ಹಣ ಬರುತ್ತದೆಯೇ? ಎಷ್ಟು ತಿಂಗಳವರೆಗೆ?

3. ಅಭ್ಯಾಸದಲ್ಲಿ, ಪ್ರಯಾಣದಲ್ಲಿ ಆದ ಗಾಯವನ್ನೂ ಲೆಕ್ಕಕ್ಕೆ ತಗೊಳ್ತಾರಾ?

4. ಗಾಯದ ಕಾರಣ ಕೊಟ್ಟು ಕರಾರು ಮುರಿಯಬಹುದೇ? ಮತ್ತೆ ಆಡಲು ಫಿಟ್ ಎಂದು ಹೇಳುವ ಡಾಕ್ಟರು ಯಾರ ಕಡೆಯವರು?

ನಾಲ್ಕನೆಯದನ್ನು ಹೆಚ್ಚಿನವರು ಕೇಳೋದೇ ಇಲ್ಲ. ಫೈನಲ್ ಹತ್ತಿರ ಬಂದಾಗ "ಏನೂ ಆಗಂಗಿಲ್ಲ, ಟೇಪ್ ಸುತ್ತಿ ಆಡು" ಅನ್ನುವವರು ಬಹಳ. ಅರ್ಧ ವಾಸಿಯಾದ ಮೊಣಕಾಲಿನಲ್ಲಿ ಆಡಿದರೆ ಒಂದು ಸೀಸನ್ ಜತೆಗೆ ಮುಂದಿನ ಹೊಲದ ಕೆಲಸ, ಪೊಲೀಸ್ ನೇಮಕಾತಿಯ ಓಟ ಎಲ್ಲಕ್ಕೂ ಕಲ್ಲು ಬೀಳಬಹುದು.

ವಿಮೆ ಇದೆ ಎಂದು ನೆಮ್ಮದಿಯಾಗಿರುವವರೂ ಒಮ್ಮೆ ನೋಡಿಕೊಳ್ಳಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಒಳ್ಳೆಯದೇ. ಆದರೆ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರಷ್ಟೇ ಅದರ ಹಣ ಬರುತ್ತದೆ. ಹರಿದ ಲಿಗಮೆಂಟಿಗೆ ಬರುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನಿಮಗೆ ಬೇಕಾದ ಆಪರೇಷನ್ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಖಾಸಗಿ ಪಾಲಿಸಿ ಇದ್ದರೆ ದುಡ್ಡಿಗಾಗಿ ಆಡುವ ಪಂದ್ಯಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಏಜೆಂಟರಿಂದ ಬರಹದಲ್ಲಿ ಪಡೆಯಿರಿ.

ಊರಿನ ಯುವಕ ಮಂಡಳಗಳಿಗೂ ಒಂದು ಮಾತು. ಕಪ್ಪು, ಬ್ಯಾನರು, ಡಿಜೆಗೆ ಖರ್ಚು ಮಾಡುವಾಗ ಆಡುವ ಹುಡುಗರ ವಿಮೆಗೂ ಸ್ವಲ್ಪ ಎತ್ತಿಡಿ. ಪಂದ್ಯ ನೋಡಿ ಚಪ್ಪಾಳೆ ತಟ್ಟಿದ ಊರು, ಆ ಹುಡುಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಾಗಲೂ ಅವನ ಜತೆ ಇರಬೇಕಲ್ಲವೇ?